ನಿಂತಾಗ ಬರುವ ನೋವನ್ನು ಮಲಗಿಸಿ ಅಳೆಯುವುದೇ?

ಪ್ರಶ್ನೆ: ನನಗೆ 47 ವರ್ಷ. ಬೆಣ್ಣೆದೋಸೆ ಹೋಟೆಲಿನಲ್ಲಿ ದೋಸೆ ಹಾಕುವ ಕೆಲಸ. ಬೆಳಗ್ಗೆ ಆರರಿಂದ ಹಂಚಿನ ಮುಂದೆ ನಿಂತೇ ಇರುತ್ತೇನೆ. ಎಡಗಾಲಿನ ಮೀನಖಂಡದಲ್ಲಿ ನರ ಉಬ್ಬಿ ಗಂಟುಗಂಟಾಗಿದೆ. ಸಂಜೆಗೆ ಕಾಲು ಭಾರ, ನೋವು. ಶಬ್ದತರಂಗದಿಂದ ರಕ್ತದ ಹರಿವು ನೋಡುವ ಡಾಪ್ಲರ್ ಮಾಡಿ ವಾಲ್ವ್ ಕೆಟ್ಟಿದೆ ಎಂದರು. ಎಂಆರ್‌ಐನಲ್ಲಿ ರಕ್ತ ಹರಿಯುವ ವೇಗವನ್ನೇ ಅಳೆಯಬಹುದು ಎಂದು ಅಕ್ಕನ ಮಗ ಹೇಳುತ್ತಾನೆ. ಮಾಡಿಸಲೇ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಹುಡುಗ ಹೇಳಿದ್ದು ನಿಜ. ಆದರೆ ಸದ್ಯಕ್ಕೆ ನಿಮಗೆ ಅದು ಬೇಡ. ಎಂಆರ್‌ಐ ನೋಡುವುದೇ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತಿದ್ದೇನೆ.

ನೀವು ನರ ಎಂದದ್ದು ರಕ್ತನಾಳ. ಕಾಲಿನ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಅಭಿಧಮನಿ. ಮೇಲೆ ಹೋದ ರಕ್ತ ಕೆಳಗೆ ಜಾರದಂತೆ ತಡೆಯುವ ಒಳಬಾಗಿಲುಗಳೇ ವಾಲ್ವ್. ನಮ್ಮಮ್ಮನೂ ಕೊನೆವರೆಗೂ ನರ ಎಂದೇ ಅನ್ನುತ್ತಿದ್ದರು, ನಾನು ತಿದ್ದಲು ಹೋಗಲಿಲ್ಲ.

ರಕ್ತದಲ್ಲಿರುವುದು ಹೆಚ್ಚಾಗಿ ನೀರು. ಆ ನೀರಿನ ಹೈಡ್ರೋಜನ್ ಕಣಗಳು ಎಂಆರ್‌ಐ ಯಂತ್ರದ ಅಯಸ್ಕಾಂತದೊಳಗೆ ಬುಗುರಿಯ ಹಾಗೆ ತಿರುಗುತ್ತವೆ. ಯಂತ್ರ ಅವನ್ನು ಒಮ್ಮೆ ಸ್ವಲ್ಪ ಮುಂದಕ್ಕೆ ತಿರುಚಿ, ಮರುಕ್ಷಣ ಅಷ್ಟೇ ಹಿಂದಕ್ಕೆ ತಿರುಚುತ್ತದೆ. ನಿಂತಲ್ಲೇ ಇದ್ದ ಕಣಕ್ಕೆ ಲೆಕ್ಕ ಸೊನ್ನೆ. ಅಷ್ಟರಲ್ಲಿ ಜಾಗ ಬದಲಿಸಿದ ಕಣಕ್ಕೆ ಒಂದಿಷ್ಟು ತಿರುಚು ಬಾಕಿ ಉಳಿಯುತ್ತದೆ. ವೇಗ ಜಾಸ್ತಿಯಾದಷ್ಟೂ ಬಾಕಿ ಜಾಸ್ತಿ. ಇದಕ್ಕೆ ಬಣ್ಣದ ಇಂಜೆಕ್ಷನ್ ಕೂಡ ಬೇಡ. 1959ರಲ್ಲೇ ಸಿಂಗರ್ ಎಂಬ ವಿಜ್ಞಾನಿ ಅಯಸ್ಕಾಂತದ ನೆರವಿನಿಂದ ಇಲಿಯ ಬಾಲದಲ್ಲಿ ರಕ್ತದ ಹರಿವು ಅಳೆದಿದ್ದರು. ಎಂಆರ್‌ಐ ಚಿತ್ರ ಇನ್ನೂ ಹುಟ್ಟಿರಲಿಲ್ಲ.

ತೊಡಕಿರುವುದು ಕಾಲಿನ ಅಭಿಧಮನಿಯಲ್ಲಿ. ಇಲ್ಲಿ ರಕ್ತ ಬಲು ನಿಧಾನ. ಮಲಗಿದ್ದಾಗ ಸೆಕೆಂಡಿಗೆ 10 ಸೆಂಟಿಮೀಟರ್ ಆಸುಪಾಸು. ಅಳೆಯುವ ಮೊದಲು ಯಂತ್ರಕ್ಕೆ ವೇಗದ ಮಿತಿ ಹೇಳಬೇಕು. ಒಮ್ಮೆ ಪರೀಕ್ಷೆಗೆಂದು ನಾನೇ ಮಲಗಿದ್ದೆ. ನಮ್ಮ ಟೆಕ್ನಿಷಿಯನ್ ಅಭ್ಯಾಸಬಲದಿಂದ, ಹೃದಯದಿಂದ ರಕ್ತ ಹೊರಗೊಯ್ಯುವ ದೊಡ್ಡ ಧಮನಿಗೆ ಇಡುವ 100ರ ಮಿತಿಯನ್ನೇ ಇಟ್ಟುಬಿಟ್ಟ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಸಾಸಿವೆ ತೂಗಿದ ಹಾಗಾಯಿತು, ಬರೀ ಕಾಳುಕಾಳು ಗದ್ದಲ. ಸರಿ ಎಂದು 5ಕ್ಕೆ ಇಳಿಸಿದ. ಈಗ ಮೇಲಕ್ಕೆ ಹೋಗುವ ರಕ್ತ ಪಾದದ ಕಡೆ ಇಳಿಯುತ್ತಿದೆ ಎಂದು ತೋರಿಸಿತು! ಮಿತಿ ದಾಟಿದ ವೇಗ ಉಲ್ಟಾ ಕಾಣುತ್ತದೆ. ನನ್ನ ವಾಲ್ವುಗಳು ಚೆನ್ನಾಗಿಯೇ ಇದ್ದವು. 20 ಇಟ್ಟ ಮೇಲೆ ಎಲ್ಲ ಸರಿಹೋಯಿತು.

ಇನ್ನೂ ಒಂದಿದೆ. ಎಂಆರ್‌ಐ ಹಲವಾರು ಎದೆಬಡಿತಗಳನ್ನು ಒಟ್ಟುಗೂಡಿಸಿ ಸರಾಸರಿ ಕೊಡುತ್ತದೆ. ಅಭಿಧಮನಿಯ ರಕ್ತವೋ ಉಸಿರಾಟದ ಜೊತೆ ಏರಿಳಿಯುತ್ತದೆ. ಆ ಏರಿಳಿತ ಸರಾಸರಿಯಲ್ಲಿ ಕಳೆದುಹೋಗುತ್ತದೆ.

ಇದೆಲ್ಲಕ್ಕಿಂತ ಮುಖ್ಯ, ನಿಮ್ಮ ನೋವು ಬರುವುದು ನಿಂತಾಗ ಅಲ್ವಾ? ಸುಮ್ನೆ ನಿಂತರೆ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ 80–90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ನಡೆದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ, ಆರೋಗ್ಯವಂತರಲ್ಲಿ ಒತ್ತಡ 30ರ ಕೆಳಗಿಳಿಯುತ್ತದೆ. ಮಲಗಿಸಿದರೆ ಆ ಭಾರವೇ ಇಲ್ಲ. ಡಾಪ್ಲರ್‌ನಲ್ಲಾದರೆ ನಿಲ್ಲಿಸಿ, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಕೆಳಗೆ ಸೋರುತ್ತದೆ ಎಂದು ಕಣ್ಣೆದುರೇ ನೋಡಬಹುದು. ಚರ್ಮದ ಕೆಳಗಿನ ನಾಳದಲ್ಲಿ ಅರ್ಧ ಸೆಕೆಂಡ್ ಮೀರಿದರೆ ವಾಲ್ವ್ ಸೋರುತ್ತಿದೆ ಎಂದರ್ಥ.

ಎಂಆರ್‌ಐ ಬೇಕಾಗುವುದು ಹೊಟ್ಟೆಯೊಳಗೆ ಅಡ್ಡಿ ಇರುವ ಗುಮಾನಿ ಬಂದಾಗ. ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಧಮನಿ ಹಾದುಹೋಗುತ್ತದೆ. ಕೆಲವರಲ್ಲಿ ಅದು ಅಭಿಧಮನಿಯನ್ನು ಬೆನ್ನುಮೂಳೆಗೆ ಒತ್ತಿಬಿಡುತ್ತದೆ. ಕರುಳಿನ ಗಾಳಿ ಅಡ್ಡ ಬರುವುದರಿಂದ ಡಾಪ್ಲರ್‌ಗೆ ಅಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ನಿಮ್ಮದು ಎಡಗಾಲಾದ್ದರಿಂದ ಈ ಮಾತು ಹೇಳಿದೆ. ತೊಡೆಯೂ ಊದುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಅಂದೇ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಆ ಡಾಪ್ಲರನ್ನು ನಿಲ್ಲಿಸಿ ಮಾಡಿದರೋ ಮಲಗಿಸಿ ಮಾಡಿದರೋ ನೆನಪಿಸಿಕೊಳ್ಳಿ. ಮಲಗಿಸಿ ಮಾಡಿದ್ದರೆ, ನಿಲ್ಲಿಸಿ ಇನ್ನೊಮ್ಮೆ ಮಾಡಿ ಎಂದು ಕೇಳಿ.