ಲೆಟ್ಯೂಸ್ ಬೇರು ಲೋಳೆಯಾಗಿದ್ದರೆ ಗೊಬ್ಬರ ಹೆಚ್ಚಿಸಬೇಡಿ

ಮಣ್ಣಿಲ್ಲದೆ ಬಕೆಟ್‌ನ ಪೋಷಕಾಂಶದ ನೀರಲ್ಲೇ (ಹೈಡ್ರೊಪೋನಿಕ್ಸ್) ಲೆಟ್ಯೂಸ್ ಬೆಳೆಸುತ್ತಿದ್ದೀರಿ; ಬಕೆಟ್ ತುಂಬ ನೀರಿದ್ದರೂ ಮಧ್ಯಾಹ್ನ ಎಲೆ ಬಾಡುತ್ತದೆ, ಬೇರು ಕಂದಾಗಿ ಲೋಳೆಯಾಗಿದೆ, ಪೋಷಕಾಂಶ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಇದು ಬೇರುಕೊಳೆಯ ಲಕ್ಷಣ. ಬೇರಿಗೆ ಆಮ್ಲಜನಕ ಸಾಲುತ್ತಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೊದಲು ಥರ್ಮಾಮೀಟರ್ ಇಳಿಸಿ ನೋಡಿ: 18ರಿಂದ 22 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, 25 ದಾಟಿದರೆ ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣುವಿಗೆ ಹಬ್ಬ.

ಬೇರನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಹೊರಸಿಪ್ಪೆ ಕಳಚಿ ದಾರದಂಥ ಎಳೆಯಷ್ಟೇ ಉಳಿದರೆ ಅದು ಸತ್ತ ಬೇರು, ಕತ್ತರಿಸಿ. (ಕಂದಾಗಿದ್ದರೂ ಗಟ್ಟಿಯಾಗಿದ್ದರೆ ಅದು ಬರೀ ಗೊಬ್ಬರದ ಕಲೆ ಇರಬಹುದು.) ಹಳೆ ನೀರು ಚೆಲ್ಲಿ, ಬಕೆಟ್, ಏರ್ ಸ್ಟೋನ್ (ನೀರಲ್ಲಿ ಗಾಳಿಗುಳ್ಳೆ ಬಿಡುವ ಕಲ್ಲು) ಎರಡನ್ನೂ ಬ್ಲೀಚ್ ಬೆರೆಸಿದ ನೀರಲ್ಲಿ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯಿರಿ. ಹೊಸ ದ್ರಾವಣ ತೆಳುವಾಗಿರಲಿ: ಇಸಿ (ನೀರಲ್ಲಿ ಕರಗಿದ ಗೊಬ್ಬರ ಎಷ್ಟಿದೆ ಎಂಬ ಅಳತೆ, mS/cm) 0.6–0.8, ಪಿಎಚ್ (ಹುಳಿಯ ಅಳತೆ) 5.8ರ ಆಸುಪಾಸು. ಬಿಳಿ ಬೇರು ಚಿಗುರಿದ ಮೇಲೆ ಇಸಿ 1.2ಕ್ಕೆ ಏರಿಸಿ.

ನೀರಿನ ಮಟ್ಟ ನೆಟ್ ಪಾಟ್ (ಗಿಡ ಕೂರಿಸುವ ಜಾಲರಿ ಕುಂಡ) ತಳಕ್ಕಿಂತ 2–3 ಸೆಂ.ಮೀ. ಕೆಳಗಿರಲಿ, ಆದರೆ ಉಳಿದ ಬೇರಿನ ತುದಿ ನೀರು ಮುಟ್ಟಲೇಬೇಕು. ಏರ್ ಪಂಪ್‌ಗೆ ಟೈಮರ್ ಹಾಕಿದ್ದರೆ ಅದನ್ನು ಕಿತ್ತುಹಾಕಿ, ಪಂಪ್ ಸದಾ ಓಡುತ್ತಿರಲಿ. ಬೇರು ರಾತ್ರಿಯೂ ಉಸಿರಾಡುತ್ತದೆ. ಬಿಳಿ ಬಕೆಟ್ಟಿನೊಳಗೆ ಬೆಳಕು ತೂರಿದರೆ ಪಾಚಿ ಖಂಡಿತ. ಕಪ್ಪು ಹಾಳೆ ಸುತ್ತಿ, ಅದರ ಮೇಲೆ ಬಿಳಿಯದೊಂದು ಸುತ್ತಿ. ಬರೀ ಕಪ್ಪು ಸುತ್ತಿದರೆ ಬಿಸಿಲಿಗೆ ನೀರು ಮತ್ತೆ ಕಾಯುತ್ತದೆ.