ಒಂದು ಕೆಜಿ ಮೈಲುತುತ್ತಕ್ಕೆ ಎಷ್ಟು ಸುಣ್ಣ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಪತ್ರಗಳಲ್ಲಿ ಜಾಸ್ತಿ ಬಂದದ್ದು ಒಂದೇ ಜಾತಿಯ ಪ್ರಶ್ನೆ. ಇಷ್ಟು ಹಾಕಿದರೆ ಎಷ್ಟು ಬರುತ್ತದೆ, ಬರಬೇಕಾದಷ್ಟು ಯಾಕೆ ಬರಲಿಲ್ಲ, ಉಳಿದದ್ದು ಎಲ್ಲಿ ಹೋಯಿತು? ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಅಪ್ಪ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕುತ್ತಾರೆ. ಕಾಲೇಜಿನಲ್ಲಿ ಕಲಿತ ಹಾಗೆ ಲೆಕ್ಕ ಹಾಕಿದರೆ 300 ಗ್ರಾಂ ಸುಣ್ಣ ಸಾಕು ಅಂತ ಬರುತ್ತದೆ. ಹೇಳಿದ್ದಕ್ಕೆ ಅಪ್ಪ, “ನಿನ್ನ ಪುಸ್ತಕ ಮರ ಹತ್ತಿಲ್ಲ” ಅಂತ ನಕ್ಕರು. ಯಾರದ್ದು ಸರಿ?
- ಸೆಕೆಂಡ್ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿನ್ನ ಲೆಕ್ಕ ಸರಿ ತಂಗಿ, ಅಪ್ಪನ ಅಳತೆಯೂ ಸರಿ. ಜಗಳ ಇರುವುದು ನಿಮ್ಮಿಬ್ಬರ ನಡುವೆ ಅಲ್ಲ, ಪುಸ್ತಕದ ಸುಣ್ಣಕ್ಕೂ ನಿಮ್ಮ ಮನೆಯ ಸುಣ್ಣಕ್ಕೂ.

ಮೊದಲು ನಿನ್ನ ಲೆಕ್ಕವನ್ನೇ ನೋಡೋಣ, ಬೇರೆ ಓದುಗರಿಗೂ ತಿಳಿಯಲಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದರ ನೀಲಿ ಹರಳಿನ ಒಳಗೆ ನೀರೂ ಕೂತಿರುತ್ತದೆ, ಒಂದಕ್ಕೆ ಐದು ಅಣು. ಈ ನೀರನ್ನು ಮರೆತೇ ಅರ್ಧ ಕ್ಲಾಸು ತಪ್ಪು ಮಾಡುತ್ತದೆ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ. ನೀರೂ ಸೇರಿ ಒಂದು ಮೋಲ್ ಹರಳಿನ ತೂಕ 249.5 ಗ್ರಾಂ. ಅಂದರೆ 1 ಕೆಜಿಯಲ್ಲಿ ಹೆಚ್ಚುಕಡಿಮೆ 4 ಮೋಲ್. ನೀರು ಹಾಕಿ ಅರಳಿಸಿದ ಸುಣ್ಣದ ಒಂದು ಮೋಲ್ 74 ಗ್ರಾಂ. ಇವೆರಡೂ ಸೇರುವ ಸಮೀಕರಣದಲ್ಲಿ ಒಂದು ಮೋಲಿಗೆ ಒಂದು ಮೋಲ್ ಜೋಡಿ. ಹಾಗಾಗಿ 4 ಮೋಲ್ ಸುಣ್ಣ, 296 ಗ್ರಾಂ. ನೀರು ಹಾಕುವ ಮೊದಲಿನ ಸುಟ್ಟ ಸುಣ್ಣವಾದರೆ 224 ಗ್ರಾಮೇ ಸಾಕು. ನಿಜ ಹೇಳಬೇಕೆಂದರೆ ಡ್ರಮ್ಮಿನೊಳಗೆ ಆಗುವುದು ಇಷ್ಟು ಸರಳವಾಗಿಯೂ ಇಲ್ಲ, ತಾಮ್ರದ ಹೈಡ್ರಾಕ್ಸೈಡಿನ ಜೊತೆ ಸ್ವಲ್ಪ ಸಲ್ಫೇಟೂ ಸಿಕ್ಕಿಕೊಂಡ ಬೆರಕೆ ಗಸಿ ಬರುತ್ತದೆ, ಅದಕ್ಕೆ ಸುಣ್ಣ ಇನ್ನೂ ಕಡಿಮೆ ಸಾಕು.

ಹಾಗಾದರೆ ಅಪ್ಪ ಮೂರು ಪಟ್ಟು ಯಾಕೆ ಹಾಕುತ್ತಾರೆ? ನಿಮ್ಮ ಮನೆಯ ಸುಣ್ಣವನ್ನು ಒಮ್ಮೆ ನೋಡು. ಅದರಲ್ಲಿ ಸರಿಯಾಗಿ ಬೇಯದ ಕಲ್ಲಿದೆ, ಮರಳಿದೆ. ಮೇಲಾಗಿ ಚೀಲ ಬಿಚ್ಚಿದ ದಿನದಿಂದ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತಾ ಇರುತ್ತದೆ. ಹೋದ ವರ್ಷದ ಸುಣ್ಣ ನೋಡಲು ಬೆಳ್ಳಗೇ ಇರುತ್ತದೆ, ಒಳಗೆ ಜೀವ ಇರುವುದಿಲ್ಲ. ಇನ್ನೊಂದು, ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಉಳಿದದ್ದು ಕಣಗಳಾಗಿ ತೇಲುತ್ತದೆ, ಕಣದ ಮೇಲೆ ಗಸಿ ಕೂತರೆ ಒಳಗಿನ ಸುಣ್ಣ ಕೆಲಸಕ್ಕೇ ಬರುವುದಿಲ್ಲ. 1 ಕೆಜಿ ಹಾಕಿದಾಗ ಅದರಲ್ಲಿ ಮೂರರಲ್ಲಿ ಒಂದು ಪಾಲು ಜೀವ ಇದ್ದರೂ ತಾಮ್ರಕ್ಕೆ ಸಾಲುತ್ತದೆ, ಅಲ್ವಾ? ಅಪ್ಪನ ಅಳತೆಯ ಗುಟ್ಟು ಇಷ್ಟೇ.

ಆದರೆ ಇಲ್ಲಿ ಗಮನಿಸಬೇಕಾದ್ದು ಯಾವುದು ಮೊದಲು ಮುಗಿಯಬೇಕು ಅನ್ನುವುದು. ಪುಸ್ತಕ ಇದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಅನ್ನುತ್ತದೆ. ಬೋರ್ಡೋದಲ್ಲಿ ತಾಮ್ರವೇ ಮೊದಲು ಮುಗಿಯಬೇಕು, ಸುಣ್ಣ ಮಿಗಬೇಕು. ಉಲ್ಟಾ ಆಗಿ ಗಸಿಯಾಗದ ತಾಮ್ರ ನೀರಿನಲ್ಲಿ ಉಳಿದರೆ ಅದು ರೋಗದ ಜೊತೆ ಎಳೆ ಕಾಯಿ, ಎಲೆಗಳನ್ನೂ ಸುಡುತ್ತದೆ. ಸುಣ್ಣ ಮಿಕ್ಕರೆ ಅಂಥ ಅಪಾಯ ಇಲ್ಲ, ಹೆಚ್ಚೆಂದರೆ ಪಂಪಿನ ನಾಜಲ್ ಕಟ್ಟಿಕೊಂಡು ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಬಾಯಲ್ಲಿ ನಾಲ್ಕು ಮಾತು ಕೇಳಬೇಕಾದೀತು.

ಅಪ್ಪ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದನ್ನು ನೀನು ಕಂಡಿರಬೇಕು. ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಇಟ್ಟು ತೆಗೆದಾಗ ಕೆಂಪು ಬಣ್ಣ ಹತ್ತಿದ್ದರೆ ತಾಮ್ರ ಇನ್ನೂ ಬಾಕಿ ಇದೆ, ಸುಣ್ಣದ ತಿಳಿ ಇನ್ನಷ್ಟು ಸೇರಿಸಬೇಕು. ಅದು ತುಕ್ಕಲ್ಲ. 56 ಗ್ರಾಂ ಕಬ್ಬಿಣ ಕರಗಿ ಹೋದರೆ 63.5 ಗ್ರಾಂ ತಾಮ್ರ ಬಂದು ಕೂರುತ್ತದೆ, ಅದೇ ಆ ಕೆಂಪು. ಈ ಕಾರಣಕ್ಕೇ ದ್ರಾವಣಕ್ಕೆ ಪ್ಲಾಸ್ಟಿಕ್ ಡ್ರಮ್, ಕಬ್ಬಿಣದ್ದು ಬೇಡ. ನನ್ನ ಪ್ರಕಾರ ಈ ಕತ್ತಿ ಪರೀಕ್ಷೆ ನಿಮ್ಮ ಲ್ಯಾಬಿನ ಅರ್ಧ ಪ್ರಯೋಗಗಳಿಗಿಂತ ಚೆನ್ನಾಗಿದೆ. ಸುಣ್ಣದಲ್ಲಿ ಎಷ್ಟು ಜೀವ ಇದೆ ಅಂತ ತೂಗಿ ತಿಳಿಯಲು ಆಗದ ಕಡೆ, ಮುಗಿಯಬೇಕಾದ್ದು ಮುಗಿದಿದೆಯಾ ಅಂತ ನೇರ ಕೇಳಿಬಿಡುತ್ತದೆ.

ಅಂದಹಾಗೆ ಈ ಔಷಧಿ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದಲ್ಲಿ. 1885ರ ಸುಮಾರಿಗೆ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿಯ ರೋಗಕ್ಕೆ ಇದನ್ನು ಪ್ರಚಾರಕ್ಕೆ ತಂದರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅಪ್ಪನಿಗೆ ಹೇಳು, ಪುಸ್ತಕ ಮರ ಹತ್ತಿ ನೂರು ವರ್ಷದ ಮೇಲಾಯಿತು.

ಪ್ರಶ್ನೆ: ಹಳೆ ಮನೆ ರಿಪೇರಿಗೆ ಅಂತ ಒಂದು ಕ್ವಿಂಟಲ್ ಕಪ್ಪೆಚಿಪ್ಪು ಕೊಟ್ಟು ಸುಣ್ಣ ಸುಡಿಸಿದೆವು. ವಾಪಸ್ ಬಂದದ್ದು 60 ಕೆಜಿ ಚಿಲ್ಲರೆ. ಗೂಡಿನವನು 40 ಕೆಜಿ ಹೊಡೆದನಾ?
- ಓದುಗರು, ಕುಂದಾಪುರ

ಉತ್ತರ: ಪಾಪ, ಅವನ ಮೇಲೆ ಅನುಮಾನ ಬೇಡ. ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ 100 ಕೆಜಿ ಪೂರ್ತಿ ಬೆಂದರೆ 56 ಕೆಜಿ ಸುಣ್ಣ, ಉಳಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ. ನಿಮಗೆ 56ಕ್ಕಿಂತ ಜಾಸ್ತಿ ಬಂದಿದೆ ಅಂದರೆ ಖುಷಿಪಡುವ ವಿಷಯವೂ ಅಲ್ಲ, ಒಂದಷ್ಟು ಚಿಪ್ಪು ಬೆಂದೇ ಇಲ್ಲ. ಒಂದು ವೇಳೆ 70 ಕೆಜಿ ಬಂದಿದ್ದರೆ ಹಾರಿದ್ದು 30 ಕೆಜಿ, 44 ಹಾರಬೇಕಿತ್ತು, ಅಂದರೆ 100ರಲ್ಲಿ ಸುಮಾರು 68 ಕೆಜಿ ಮಾತ್ರ ಬೆಂದಿದೆ ಅಂತ ಲೆಕ್ಕ ಹೇಳುತ್ತದೆ. ಸುಮ್ನೆ ತಕ್ಕಡಿಯಲ್ಲೇ ಗೂಡಿನ ಕೆಲಸ ಅಳೆಯಬಹುದು. ಆ 56 ಕೆಜಿಗೆ ನೀರು ಹಾಕಿದಾಗ 18 ಕೆಜಿ ನೀರು ಕುಡಿದು 74 ಆಗುತ್ತದೆ, ಗೋಡೆಗೆ ಬಳಿದ ಮೇಲೆ ಆ ನೀರು ಬಿಟ್ಟು, ಹಾರಿಹೋದಷ್ಟೇ ಅನಿಲವನ್ನು ಗಾಳಿಯಿಂದ ನಿಧಾನಕ್ಕೆ ವಾಪಸ್ ಪಡೆದು ಮತ್ತೆ 100ಕ್ಕೇ ಬರುತ್ತದೆ. ಕಳೆದುಹೋದ 44 ಕೆಜಿ ನಿಮ್ಮ ಗೋಡೆಗೇ ಬಂದು ಸೇರುತ್ತದೆ.

ಪ್ರಶ್ನೆ: 14.2 ಕೆಜಿಯ ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಅಷ್ಟೂ ತೂಕ ಏನಾಗಿರುತ್ತದೆ?
- ಗೃಹಿಣಿ, ದಾವಣಗೆರೆ

ಉತ್ತರ: ಗ್ಯಾಸ್ ಉರಿದು ಗಾಳಿಗೆ ಸೇರುವಾಗ ಆ ತೂಕ ಇಳಿಯುವುದಲ್ಲ, ಹೆಚ್ಚುತ್ತದೆ! ಸಿಲಿಂಡರಿನಲ್ಲಿ ಇರುವುದು ಮುಖ್ಯವಾಗಿ ಪ್ರೊಪೇನ್, ಬ್ಯುಟೇನ್. ಲೆಕ್ಕಕ್ಕೆ ಪೂರ್ತಿ ಬ್ಯುಟೇನ್ ಅಂದುಕೊಳ್ಳಿ. 116 ಗ್ರಾಂ ಬ್ಯುಟೇನ್ ಉರಿಯಲು 416 ಗ್ರಾಂ ಆಮ್ಲಜನಕ ಬೇಕು, ಬರುವುದು 352 ಗ್ರಾಂ ಕಾರ್ಬನ್ ಡೈಆಕ್ಸೈಡ್, 180 ಗ್ರಾಂ ನೀರು. ಅದೇ ಅನುಪಾತದಲ್ಲಿ 14.2 ಕೆಜಿ ಗ್ಯಾಸ್ ಸುಮಾರು 51 ಕೆಜಿ ಆಮ್ಲಜನಕ ತಿಂದು 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರಾವಿ ಬಿಡುತ್ತದೆ. ಒಂದು ಸಿಲಿಂಡರಿಗೆ ಒಂದು ದೊಡ್ಡ ಕೊಡಕ್ಕೂ ಮೀರಿದ ನೀರು ನಿಮ್ಮ ಅಡುಗೆಮನೆಯ ಗಾಳಿಗೆ ಸೇರಿದೆ ಅಂತಾಯಿತು.

ಆದರೆ ಪೂರ್ತಿ ಉರಿಯಲು ಗಾಳಿ ಸಾಲಬೇಕು. ಕಿಟಕಿ ಇಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿದರೆ ಮೊದಲು ಕೊರತೆ ಬೀಳುವುದು ಆಮ್ಲಜನಕಕ್ಕೆ, ಆಗ ಬರುವುದು ಕಾರ್ಬನ್ ಮಾನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ದಯವಿಟ್ಟು ಗೀಸರನ್ನು ಹೊರಗೆ ಹಾಕಿಸಿ.

ಪ್ರಶ್ನೆ: ಎರಡರಲ್ಲಿ ತೂಕ ಕಡಿಮೆ ಇರುವುದೇ ಲಿಮಿಟಿಂಗ್ ರಿಯೇಜೆಂಟ್ ಅಂತ ಬರೆದೆ. ಸೊನ್ನೆ ಕೊಟ್ಟರು.
- ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಸೊನ್ನೆ ಕೊಟ್ಟದ್ದು ಸ್ವಲ್ಪ ಕಠಿಣವಾಯಿತು, ಆದರೆ ಉತ್ತರ ತಪ್ಪೇ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಮ್ಲಜನಕ ಇದೆ ಅನ್ನು. ಹೈಡ್ರೋಜನ್ 5 ಮೋಲ್, ಆಮ್ಲಜನಕ 2 ಮೋಲ್. ನೀರಾಗಲು ಎರಡಕ್ಕೆ ಒಂದು ಬೇಕು, ಹಾಗಾಗಿ 2 ಮೋಲ್ ಆಮ್ಲಜನಕ ತೆಗೆದುಕೊಳ್ಳುವುದು 4 ಮೋಲ್ ಹೈಡ್ರೋಜನ್ ಮಾತ್ರ. ಬರುವ ನೀರು 72 ಗ್ರಾಂ, ಮಿಗುವುದು 2 ಗ್ರಾಂ ಹೈಡ್ರೋಜನ್. ಆರು ಪಟ್ಟು ಭಾರ ಇದ್ದದ್ದೇ ಮೊದಲು ಮುಗಿಯಿತು ನೋಡು. ಅಣುಗಳು ಒಂದಕ್ಕೊಂದು ಸೇರುವುದು ತಲೆ ಎಣಿಸಿ, ತೂಕ ನೋಡಿ ಅಲ್ಲ. ಗ್ರಾಂ ಕೊಟ್ಟಿದ್ದರೆ ಮೊದಲು ಮೋಲ್ ಮಾಡಿಕೋ, ಅಲ್ಲಿ ಹೋಲಿಸು, ಕೊನೆಗೆ ಮತ್ತೆ ಗ್ರಾಮಿಗೆ ಬಾ. ನಾನು ಪಿಯುಸಿಯಲ್ಲಿ ಸಮೀಕರಣದ ಮುಂದಿನ 2, 3ಗಳನ್ನೇ ಗ್ರಾಂ ಅಂದುಕೊಂಡು ಒಂದು ಟೆಸ್ಟ್ ಪೂರ್ತಿ ಕೆಡಿಸಿದ್ದೆ, ಅದಕ್ಕೆ ಹೋಲಿಸಿದರೆ ನಿನ್ನದು ಪರವಾಗಿಲ್ಲ.

ಪ್ರಶ್ನೆ: ಎಕರೆಗೆ 40 ಕೆಜಿ ಸಾರಜನಕ ಹಾಕಿ ಅಂದರು, ಅಂಗಡಿಯವರು ಎರಡು ಚೀಲ ಯೂರಿಯಾ, 90 ಕೆಜಿ ಕೊಟ್ಟರು. ಜಾಸ್ತಿ ಮಾರಿದರಾ?
- ರೈತರು, ಗಂಗಾವತಿ

ಉತ್ತರ: ಇಲ್ಲ. ಯೂರಿಯಾದಲ್ಲಿ ಸಾರಜನಕ 100ಕ್ಕೆ 46. 45 ಕೆಜಿ ಚೀಲದಲ್ಲಿ 20.7 ಕೆಜಿ, ಎರಡು ಚೀಲಕ್ಕೆ 41.4.

ಪ್ರಶ್ನೆ: ಪ್ರಾಕ್ಟಿಕಲ್‌ನಲ್ಲಿ ಗಸಿ ಸೋಸಿ ತೂಗಿದಾಗ ನಮ್ಮ ಗುಂಪಿಗೆ ಇಳುವರಿ ಶೇಕಡಾ 112 ಬಂತು. ಗೆಳೆಯರು 98 ಅಂತ ತಿದ್ದಿ ಬರೆದರು. ನಾನೇನು ಬರೆಯಲಿ?
- ಬಿಎಸ್ಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: 112 ಅಂತಲೇ ಬರೆಯಮ್ಮ. ಲೆಕ್ಕದ ಪ್ರಕಾರ ಬರಬೇಕಾದ್ದಕ್ಕಿಂತ ಜಾಸ್ತಿ ಬರಲು ಸಾಧ್ಯವಿಲ್ಲ, ಹಾಗಾಗಿ ಆ ಹೆಚ್ಚಿನ 12ರಲ್ಲಿ ಬಹುಪಾಲು ನೀರು, ಇಲ್ಲವೇ ಸರಿಯಾಗಿ ತೊಳೆಯದೆ ಉಳಿದ ಉಪ್ಪು. ಸೋಸುಕಾಗದದ ತೂಕ ಕಳೆದಿದ್ದೀಯಾ, ಅದನ್ನೂ ನೋಡು. ಗಸಿಯನ್ನು ಇನ್ನೊಮ್ಮೆ ತೊಳೆದು, ಒಣಗಿಸಿ, ತೂಗು. ಮತ್ತೆ ಒಣಗಿಸಿ ತೂಗು. ಎರಡು ಸಲದ ತೂಕ ಒಂದೇ ಬರುವ ತನಕ ಬಿಡಬೇಡ. 98 ಬರೆದ ಗೆಳೆಯರ ಗಸಿ ಇನ್ನೂ ಒದ್ದೆಯಾಗಿಯೇ ಇರಬೇಕು.