ಸೋಮವಾರವೇ ಸಹಿ ಹಾಕಬೇಕಾ?

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ತವರು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಅಮ್ಮ ಇದ್ದಾರೆ. ಮೂರು ಎಕರೆ ತೆಂಗಿನ ತೋಟಕ್ಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡು ಅಂತ ಇಬ್ಬರು ಅಣ್ಣಂದಿರು ಕೇಳುತ್ತಿದ್ದಾರೆ. ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲು ಕಾರು ಕಳಿಸ್ತಾರಂತೆ. "ಸಹಿ ಹಾಕಿದ್ರೆ ತವರು ಉಳಿಯುತ್ತೆ" ಅಂದರು ಅತ್ತಿಗೆ. ನಮ್ಮವರು "ನಿನ್ನಿಷ್ಟ" ಅಂತಾರೆ. ಡಿಗ್ರಿ ಎರಡನೇ ವರ್ಷದಲ್ಲಿ ಓದು ಬಿಡಿಸಿ ಮದುವೆ ಮಾಡಿದಾಗ ಹೂಂ ಅಂದೆ. ಅತ್ತೆಗೆ ಲಕ್ವ ಹೊಡೆದಾಗ ಸೊಸೈಟಿ ಕೆಲಸ ಬಿಟ್ಟೆ. ಈಗಲೂ ಹೂಂ ಅಂದುಬಿಡಲಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ತೋಟದ ಬಗ್ಗೆ ನೀವು ಬರೆದದ್ದು ನಾಲ್ಕೇ ಸಾಲು. ಬಿಟ್ಟ ಓದಿನ ಬಗ್ಗೆ ಒಂದು ಪುಟ!

ಅತ್ತೆಗಾಗಿ ಕೆಲಸ ಬಿಟ್ಟದ್ದಕ್ಕೆ ನಿಮಗೆ ಬೇಸರವಿಲ್ಲ. ಒಂದು ವಾರ ಯೋಚಿಸಿ, ನೀವೇ ಹೋಗಿ ರಾಜೀನಾಮೆ ಕೊಟ್ಟು ಬಂದಿರಿ. ಓದಿನ ವಿಷಯ ಹಾಗಲ್ಲ. ಹಾಸ್ಟೆಲಿನಿಂದ ಹಬ್ಬಕ್ಕೆ ಬಂದಾಗ, ಗಂಡಿನ ಕಡೆಯವರು ಮಧ್ಯಾಹ್ನ ಬರ್ತಾರೆ ಅಂತ ಗೊತ್ತಾಗಿದ್ದೇ ಬೆಳಿಗ್ಗೆ. ಅದು 26 ವರ್ಷವಾದರೂ ಮುರಿದ ಮುಳ್ಳಿನ ಹಾಗೆ ಒಳಗೇ ಇದೆ. ಎರಡರಲ್ಲೂ ಕಳೆದುಕೊಂಡಿರಿ. ಆದರೆ ಒಂದಕ್ಕೆ ಯೋಚಿಸಲು ಸಮಯ ಸಿಕ್ಕಿತ್ತು, ಇನ್ನೊಂದಕ್ಕೆ ಸಿಗಲಿಲ್ಲ. ಅದಕ್ಕೇ ನನಗೆ ತೋಟಕ್ಕಿಂತ ಈ ಸೋಮವಾರದ್ದೇ ಚಿಂತೆ.

ನನ್ನ ಸೋದರತ್ತೆ ಹೀಗೇ ಒಂದು ದಿನ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಎದುರಿನ ಹೋಟೆಲಲ್ಲಿ ತಮ್ಮ ಕೊಡಿಸಿದ ಮಸಾಲೆ ದೋಸೆ ತಿಂದು ಬಸ್ ಹತ್ತಿದರು. ಬಿಟ್ಟುಕೊಟ್ಟದ್ದು ಎಷ್ಟು ಗುಂಟೆ ಅಂತ ಸಾಯುವವರೆಗೂ ಅವರಿಗೆ ಗೊತ್ತಿರಲಿಲ್ಲ. ಗೌರಿ ಹಬ್ಬದ ಬಾಗಿನ ಮೂರು ವರ್ಷ ಬಂತು. ಪಾಲು ಕೇಳಿ ಪಡೆದ ನನ್ನ ಗೆಳತಿಗೆ ಎರಡು ವರ್ಷ ತವರಿನ ಫೋನೇ ಬರಲಿಲ್ಲ, ಈಗ ಬರುತ್ತೆ. ಹಾಗಾಗಿ ಅತ್ತಿಗೆಯ ಮಾತನ್ನು ಅಷ್ಟೊಂದು ತಲೆಗೆ ಹಚ್ಚಿಕೊಳ್ಳಬೇಡಿ.

ಕಾನೂನು ಹೇಳಿಬಿಡ್ತೀನಿ. "ಮದುವೆಯಾದ ಹೆಣ್ಣಿಗೆ ಪಾಲಿಲ್ಲ" ಅಂತ ಊರಲ್ಲಿ ಇನ್ನೂ ಹೇಳ್ತಾರೆ. 1994ರ ನಮ್ಮ ರಾಜ್ಯದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದು ನಿಜ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಆ ಅಡ್ಡಿ ಇಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಮಾತು ಬೇರೆ. ಇನ್ನು ತೋಟ ಅಪ್ಪನ ಸ್ವಂತ ಸಂಪಾದನೆಯಾಗಿದ್ದು, ಉಯಿಲು ಇಲ್ಲದಿದ್ದರೆ, ಅಮ್ಮನಿಗೂ ಮೂರು ಮಕ್ಕಳಿಗೂ ನಾಲ್ಕು ಸಮಪಾಲು. ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆ, ಅದಕ್ಕೇ ನಿಮ್ಮ ಸಹಿ ಬೇಕಾಗಿರೋದು. ನೋಂದಣಿಯಾದ ಬಿಡುಗಡೆ ಪತ್ರವನ್ನು ಆಮೇಲೆ ಬೇಡ ಅಂದರೆ ಸುಲಭಕ್ಕೆ ರದ್ದಾಗಲ್ಲ. ಮೋಸವೋ ಒತ್ತಾಯವೋ ಇತ್ತು ಅಂತ ಕೋರ್ಟಲ್ಲಿ ತೋರಿಸಬೇಕು.

ಬಿಟ್ಟುಕೊಡೋದು ತಪ್ಪಲ್ಲ. ತೆಂಗಿಗೆ ನೀರು ಕಟ್ಟಿದವರು, ಅಪ್ಪನ ಆಸ್ಪತ್ರೆ ಖರ್ಚು ನೋಡಿದವರು ಅಣ್ಣಂದಿರೇ ಅಂತ ನೀವೇ ಬರೆದಿದ್ದೀರಿ. ಪೂರ್ತಿ ಬಿಡಬಹುದು, ಹತ್ತು ಗುಂಟೆ ಉಳಿಸಿಕೊಳ್ಳಬಹುದು, ಹಣ ತೆಗೆದುಕೊಂಡು ಆ ಮೊತ್ತವನ್ನು ಪತ್ರದಲ್ಲೇ ಬರೆಸಬಹುದು. ಆದರೆ ಅಮ್ಮನ ಪಾಲು ಯಾರ ಹೆಸರಿಗೆ ಹೋಗ್ತಿದೆ ಅಂತ ಮಾತ್ರ ಕೇಳಲೇಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಇವತ್ತೇ ದೊಡ್ಡಣ್ಣನಿಗೆ ಫೋನ್ ಮಾಡಿ, ಅತ್ತಿಗೆಗಲ್ಲ. "ಅಣ್ಣಾ, ನಾನು ಇಲ್ಲ ಅಂತಿಲ್ಲ. ಪಹಣಿ, ಪತ್ರದ ಕರಡು ಕಳಿಸು. ಓದಿ ಒಂದು ತಿಂಗಳಲ್ಲಿ ಹೇಳ್ತೀನಿ" ಅನ್ನಿ. ಅಷ್ಟೇ ಸಾಕು, ಕಾರಣ ಕೊಡಲು ಹೋಗಬೇಡಿ. ಕರಡನ್ನು ಅವರ ವಕೀಲರಿಗಲ್ಲ, ಬೇರೆ ವಕೀಲರಿಗೆ ತೋರಿಸಿ. ನಡುವೆ ಒಂದು ದಿನ ಹೋಗಿ ಅಮ್ಮನ ಜೊತೆ ಉಳಿಯಿರಿ.

ಅಷ್ಟಾದ ಮೇಲೂ ಸೋಮವಾರ ಕಾರು ಬಾಗಿಲಿಗೆ ಬಂದು ನಿಂತರೆ? ಒಳಗೆ ಕರೆದು ಕಾಫಿ ಕೊಡಿ, ತಿಂಡಿ ಆಗಿದ್ದರೆ ತಿಂಡಿಯನ್ನೂ ಕೊಡಿ. ಕಾರು ಮಾತ್ರ ಹತ್ತಬೇಡಿ.